ಕಾಟಾ ಪಕ್ಕದಲ್ಲೂ ನಡೆಯುವ ಆ್ಯಪ್: ಫ್ರೇಮ್‌ವರ್ಕ್ ಆರಿಸುವ ಬಗೆ

ಗಂಗಾವತಿಯ ದಲಾಲಿ ಅಂಗಡಿಗೆ ಭತ್ತದ ತೂಕದ ಚೀಟಿ ಬರೆಯುವ ಆ್ಯಪ್ ಬೇಕು. ಬಳ್ಳಾರಿಯ ಜೀನ್ಸ್ ಘಟಕಕ್ಕೆ ಹೊಸ ಮಾಲಿನ ಚಿತ್ರಗಳನ್ನು ಸಗಟು ಗಿರಾಕಿಗಳಿಗೆ ತೋರಿಸುವ ಆ್ಯಪ್ ಬೇಕು. ರಾಯಚೂರಿನ ಬೀಜ, ಗೊಬ್ಬರದ ಅಂಗಡಿಗೆ ಹೊಲಕ್ಕೆ ಹೋಗಿ ಹತ್ತಿ ಬೆಳೆಯ ಫೋಟೊ ತೆಗೆದು ದಾಖಲಿಸುವ ಆ್ಯಪ್ ಬೇಕು. ಮೂರೂ ಆಂಡ್ರಾಯ್ಡ್‌ನಲ್ಲಿ ನಡೆಯಬೇಕು, ಮಾಲೀಕರ ಐಫೋನ್‌ನಲ್ಲೂ ತೆರೆದುಕೊಳ್ಳಬೇಕು, ಕೋಡ್ ಮಾತ್ರ ಒಂದೇ ಸಲ ಬರೆಯಬೇಕು. ಇಂಥ ಕೆಲಸ ಕೈಗೆ ಬಂದ ಕೂಡಲೇ ಮಾತು ಫ್ರೇಮ್‌ವರ್ಕ್, ಅಂದರೆ ಆ್ಯಪ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು, ಫ್ಲಟರೋ ರಿಯಾಕ್ಟ್ ನೇಟಿವೋ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಈ ಮೂರು ಕೆಲಸಕ್ಕೆ ಬೇರೆ ಬೇರೆ ಉತ್ತರ ಬರುತ್ತದೆ. ಉತ್ತರ ಹೇಳುವುದು ಪ್ರತಿ ಆ್ಯಪ್‌ನಲ್ಲಿರುವ ಅತಿ ಕಷ್ಟದ ಒಂದು ಸ್ಕ್ರೀನ್.

ಕಷ್ಟದ ಸ್ಕ್ರೀನ್ ಯಾವುದು?

ಲಾಗಿನ್, ಪಟ್ಟಿ, ಫಾರಂ, ತಿಂಗಳ ವರದಿ ಇವನ್ನು ಯಾವ ಫ್ರೇಮ್‌ವರ್ಕ್ ಆದರೂ ಮಾಡಿಕೊಡುತ್ತದೆ. ಡೆಮೊದಲ್ಲಿ ಎಲ್ಲರೂ ತೋರಿಸುವುದು ಇವನ್ನೇ, ಹಾಗಾಗಿ ಡೆಮೊ ನೋಡಿ ಆರಿಸಿದರೆ ಕೈ ಸುಟ್ಟುಕೊಳ್ಳುವ ಸಂಭವ ಹೆಚ್ಚು. ತೂಕದ ಚೀಟಿಯ ಆ್ಯಪ್‌ನಲ್ಲಿ ನಿಜವಾದ ಕಷ್ಟ ಒಂದೇ ಸ್ಕ್ರೀನ್‌ನಲ್ಲಿ ಕೂತಿರುತ್ತದೆ: ಗೋದಾಮಿನ ತಗಡಿನ ಸೂರಿನಡಿ ಸಿಗ್ನಲ್ ಇಲ್ಲ, ರೈತರ ಹೆಸರನ್ನು ಕನ್ನಡದಲ್ಲಿ ಬರೆಯಬೇಕು, ತೂಕದ ಯಂತ್ರವಾದ ಕಾಟಾದ ಅಂಕಿ ತಾನಾಗಿ ಬರಬೇಕು, ಸಣ್ಣ ಪ್ರಿಂಟರ್‌ನಲ್ಲಿ ಕನ್ನಡದ ಚೀಟಿ ಹೊರಬರಬೇಕು. ಬೆಳೆ ದಾಖಲೆಯ ಆ್ಯಪ್‌ನಲ್ಲಿ ಕ್ಯಾಮೆರಾ ತೆರೆದು ಮುಚ್ಚುವ ಆ ಒಂದು ಗಳಿಗೆಯೇ ಕಷ್ಟದ್ದು. ಜೀನ್ಸ್ ಚಿತ್ರಗಳ ಆ್ಯಪ್‌ನಲ್ಲಿ ಅಂಥದ್ದೇನೂ ಇಲ್ಲ. ಚಿತ್ರ ಬೇಗ ಬಂದರೆ ಸಾಕು.

ಗಿರಾಕಿಯ ಜೊತೆ ಕೂತು ಒಂದು ಹಾಳೆಯ ಮೇಲೆ ಈ ಐದನ್ನು ಬರೆದುಕೊಳ್ಳಿ. ಆ್ಯಪ್ ಯಾವ ಯಂತ್ರದ ಜೊತೆ ಮಾತಾಡಬೇಕು? ನೆಟ್ ಇಲ್ಲದೆ ಎಷ್ಟು ಹೊತ್ತು ನಡೆಯಬೇಕು, ಹತ್ತು ನಿಮಿಷವೋ ಇಡೀ ದಿನವೋ? ಬಳಸುವವರ ಕೈಯಲ್ಲಿರುವ ಫೋನ್ ಯಾವುದು, ರ‍್ಯಾಮ್ ಎಷ್ಟು? ಆ್ಯಪ್ ಅವರಿಗೆ ತಲುಪುವುದು ವಾಟ್ಸ್ಆ್ಯಪ್‌ನ ಲಿಂಕ್ ಮೂಲಕವೋ ಪ್ಲೇ ಸ್ಟೋರ್ ಮೂಲಕವೋ? ಎರಡು ವರ್ಷದ ಮೇಲೆ ಇದರ ಕೋಡ್ ಮುಟ್ಟುವವರು ಯಾರು? ಮೂರನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು. ಮಾಲೀಕರ ಫೋನ್ ಹೊಸದಿರುತ್ತದೆ, ಚೀಟಿ ಬರೆಯುವ ಗುಮಾಸ್ತರ ಫೋನ್ ಹಳೆಯದಿರುತ್ತದೆ. ಗುಮಾಸ್ತರ ಫೋನನ್ನೇ ಕೈಗೆ ತೆಗೆದುಕೊಂಡು ಆಂಡ್ರಾಯ್ಡ್ ಆವೃತ್ತಿ, ಕ್ರೋಮ್ ಆವೃತ್ತಿ, ಉಳಿದ ಜಾಗ ಮೂರನ್ನೂ ಗುರುತು ಹಾಕಿಕೊಳ್ಳಿ. ಜಾಗ ತುಂಬಿದ ಫೋನ್‌ನಲ್ಲಿ ವೆಬ್‌ವ್ಯೂ, ಅಂದರೆ ಆ್ಯಪ್‌ನೊಳಗೆ ವೆಬ್ ಪುಟ ತೋರಿಸುವ ಭಾಗ, ಅಪ್‌ಡೇಟ್ ಆಗುವುದು ನಿಂತುಹೋಗಿರುತ್ತದೆ. ಕ್ರೋಮ್ 139ರಿಂದ ಆಂಡ್ರಾಯ್ಡ್ 10 ಅಥವಾ ಮೇಲಿನದು ಬೇಕು, ಅದಕ್ಕಿಂತ ಹಳೆಯ ಫೋನ್ 138ರಲ್ಲೋ ಇನ್ನೂ ಹಿಂದೆಯೋ ಉಳಿದಿರುತ್ತದೆ. ನಿಮ್ಮ ಬಿಲ್ಡ್‌ನ (ಕೋಡ್‌ನಿಂದ ತಯಾರಾಗುವ ಆ್ಯಪ್‌ನ) ಗುರಿಯನ್ನು ಕಂಡದ್ದರಲ್ಲಿ ಅತಿ ಹಳೆಯ ಆವೃತ್ತಿಗೆ ಹೊಂದಿಸಿ. ಇದನ್ನು ಮರೆತರೆ ಹೊಸ ಜಾವಾಸ್ಕ್ರಿಪ್ಟ್ ವ್ಯಾಕರಣ ಆ ಫೋನ್‌ನಲ್ಲಿ ಓದಿಸಿಕೊಳ್ಳದೆ ಬರೀ ಬಿಳಿ ಸ್ಕ್ರೀನ್ ಕಾಣುತ್ತದೆ.

ಮೊದಲ ದಾರಿ: ಬ್ರೌಸರ್‌ನಲ್ಲೇ ನಡೆಯುವ ಆ್ಯಪ್

ಯಂತ್ರ ಮುಟ್ಟಬೇಕಿಲ್ಲ, ಲಿಂಕ್ ಕಳಿಸಿದರೆ ಸಾಕು ಎನ್ನುವ ಕೆಲಸಕ್ಕೆ ಪಿಡಬ್ಲ್ಯುಎ ಎಂದು ಕರೆಯುವ ಪ್ರೋಗ್ರೆಸಿವ್ ವೆಬ್ ಆ್ಯಪ್‌ನಿಂದಲೇ ಶುರು ಮಾಡಿ. ಇದಕ್ಕೆ ಬೇಕಾದದ್ದು ಮೂರು: ಎಚ್‌ಟಿಟಿಪಿಎಸ್ ವಿಳಾಸ, ಹೆಸರು ಮತ್ತು ಐಕಾನ್ ಹೇಳುವ ಮ್ಯಾನಿಫೆಸ್ಟ್ ಫೈಲ್ (ಐಕಾನ್ 192 ಮತ್ತು 512 ಪಿಕ್ಸೆಲ್ ಎರಡೂ ಇರಲಿ), ನೆಟ್ ಇಲ್ಲದಾಗ ಪುಟ ಒದಗಿಸುವ ಸರ್ವಿಸ್ ವರ್ಕರ್. ಬರೆಯಲು ರಿಯಾಕ್ಟ್, ವ್ಯೂ, ಸ್ವೆಲ್ಟ್ ಎಂಬ ವೆಬ್ ಸಾಧನಗಳಲ್ಲಿ ಯಾವುದಾದರೂ ಆಗುತ್ತದೆ. ರಿಯಾಕ್ಟ್ ಬಲ್ಲವರು ಭಾರ ಇಳಿಸಬೇಕೆಂದರೆ ಪ್ರಿಯಾಕ್ಟ್ ನೋಡಬಹುದು, ಅದರ ಮೂಲ ಭಾಗ ಕುಗ್ಗಿಸಿದ ಮೇಲೆ ಸುಮಾರು 4 ಕೆಬಿ ಮಾತ್ರ. ಮೊದಲ ಸಲ ತೆರೆದಾಗ ಇಳಿಯುವ ಒಟ್ಟು ಜಾವಾಸ್ಕ್ರಿಪ್ಟ್ ಕುಗ್ಗಿಸಿ 200 ಕೆಬಿ ದಾಟದಂತೆ ಮಿತಿ ಹಾಕಿಕೊಳ್ಳಿ. ಅಗ್ಗದ ಫೋನ್‌ನಲ್ಲಿ ಇಳಿಸಿಕೊಳ್ಳುವ ಹೊತ್ತಿಗಿಂತ ಅದನ್ನು ಓದಿ ನಡೆಸುವ ಹೊತ್ತೇ ಹೆಚ್ಚು.

ಬಳ್ಳಾರಿಯ ಜೀನ್ಸ್ ಚಿತ್ರಗಳಿಗೆ ಇದೇ ಸರಿ. ಸಗಟು ಗಿರಾಕಿ ಬೇರೆ ಊರಿನಲ್ಲಿರುತ್ತಾರೆ, ಒಂದು ಘಟಕದ ಮಾಲು ನೋಡಲು ಅವರು ಪ್ಲೇ ಸ್ಟೋರ್‌ಗೆ ಹೋಗಿ ಆ್ಯಪ್ ಹಾಕಿಕೊಳ್ಳುವುದಿಲ್ಲ. ಕಿನ್ನಾಳದ ಗೊಂಬೆಗಳ ಚಿತ್ರಪಟ್ಟಿಗೂ ಇದೇ ಮಾತು. ಅಲ್ಲಿ ಸರ್ವಿಸ್ ವರ್ಕರ್ ಕೂಡ ಬೇಡ, ಒಳ್ಳೆಯ ಸಾದಾ ವೆಬ್‌ಸೈಟ್ ಸಾಕು.

ಸರ್ವಿಸ್ ವರ್ಕರ್ ತಪ್ಪಿದರೆ ಬಳಕೆದಾರರು ವಾರಗಟ್ಟಲೆ ಹಳೆಯ ಆವೃತ್ತಿಯಲ್ಲೇ ಸಿಕ್ಕಿಕೊಳ್ಳುತ್ತಾರೆ. ಹೊಸದು ಇಳಿದಿದ್ದರೂ ಹಳೆಯ ಟ್ಯಾಬ್‌ಗಳೆಲ್ಲ ಮುಚ್ಚುವ ತನಕ ಅದು ಕಾಯುತ್ತ ಕೂರುತ್ತದೆ, ಫೋನ್‌ನಲ್ಲಿ ಟ್ಯಾಬ್ ಮುಚ್ಚುವವರು ಕಡಿಮೆ. "ಹೊಸ ಆವೃತ್ತಿ ಬಂದಿದೆ, ಬದಲಿಸಿ" ಎಂಬ ಗುಂಡಿ ಕೊಟ್ಟು, ಒತ್ತಿದ ಮೇಲೆ ಬದಲಾಗುವಂತೆ ಮಾಡಿ. ಚೀಟಿ ಅರ್ಧ ಬರೆದಿರುವಾಗ ತಾನಾಗಿ ಬದಲಾಗುವಂತೆ ಮಾತ್ರ ಬಿಡಬೇಡಿ.

ಐಫೋನ್‌ನಲ್ಲಿ ಮಿತಿಗಳಿವೆ. ಆ್ಯಪ್ ಹಾಕಿಕೊಳ್ಳಿ ಎಂದು ಸಫಾರಿ ತಾನಾಗಿ ಕೇಳುವುದಿಲ್ಲ, ಬಳಕೆದಾರರೇ ಶೇರ್ ಗುಂಡಿಯಿಂದ ಹೋಮ್ ಸ್ಕ್ರೀನ್‌ಗೆ ಸೇರಿಸಬೇಕು. ಹಾಗೆ ಸೇರಿಸಿದ ಆ್ಯಪ್‌ಗೆ 2023ರ ಮಾರ್ಚ್‌ನಲ್ಲಿ ಬಂದ ಐಒಎಸ್ 16.4ರಿಂದ ಪುಶ್ ಸೂಚನೆ ಸಿಗುತ್ತದೆ. ಸೇರಿಸದೆ ಸಫಾರಿಯಲ್ಲೇ ಬಳಸುವವರು ಏಳು ದಿನ ಆ ಸೈಟ್ ಕಡೆ ಬರದಿದ್ದರೆ ಅದು ಉಳಿಸಿದ್ದ ದತ್ತಾಂಶವನ್ನು ಸಫಾರಿ ಅಳಿಸಬಹುದು. ಸರ್ವರ್‌ಗೆ ಹೋಗದ ಚೀಟಿಗಳು ಅಲ್ಲಿದ್ದರೆ ಹೋದಂತೆಯೇ ಲೆಕ್ಕ. ಹಿನ್ನೆಲೆಯಲ್ಲಿ ಸಿಂಕ್ ಮಾಡುವ ಸೌಲಭ್ಯವೂ ವೆಬ್ ಬ್ಲೂಟೂತ್ ಕೂಡ ಸಫಾರಿಯಲ್ಲಿಲ್ಲ.

ಇದೇ ವೆಬ್ ಆ್ಯಪನ್ನು ಪ್ಲೇ ಸ್ಟೋರ್‌ಗೂ ಏರಿಸಬಹುದು. ಗೂಗಲ್‌ನ ಬಬಲ್‌ರ‍್ಯಾಪ್ ಎಂಬ ಸಾಧನ ಅದಕ್ಕೆ ತೆಳುವಾದ ಹೊದಿಕೆ ಕಟ್ಟಿಕೊಡುತ್ತದೆ. ಇಲ್ಲಿ ಪದೇ ಪದೇ ಆಗುವ ತಪ್ಪು: ಸೈಟ್ ಮತ್ತು ಆ್ಯಪ್ ಒಬ್ಬರವೇ ಎಂದು ತೋರಿಸಲು ಸೈಟ್‌ನಲ್ಲಿಡುವ ಅಸೆಟ್‌ಲಿಂಕ್ಸ್ ಫೈಲ್‌ನಲ್ಲಿ ನಿಮ್ಮ ಕಂಪ್ಯೂಟರ್‌ನ ಅಪ್‌ಲೋಡ್ ಕೀಲಿಯ ಗುರುತು ಹಾಕುವುದು. ಅಲ್ಲಿ ಬೇಕಾದದ್ದು ಪ್ಲೇ ಕನ್ಸೋಲ್‌ನಲ್ಲಿ ಕಾಣುವ, ಗೂಗಲ್ ಸಹಿ ಹಾಕುವ ಕೀಲಿಯ ಎಸ್‌ಎಚ್‌ಎ 256 ಗುರುತು. ತಪ್ಪಿದ್ದರೆ ಆ್ಯಪ್‌ನ ನೆತ್ತಿಯ ಮೇಲೆ ಬ್ರೌಸರ್‌ನ ವಿಳಾಸಪಟ್ಟಿ ಕಾಣಿಸುತ್ತದೆ.

ಎರಡನೆಯ ದಾರಿ: ವೆಬ್ ಕೋಡ್, ಮೇಲೆ ಕೆಪ್ಯಾಸಿಟರ್

ಪ್ರಿಂಟರ್, ಕಾಟಾ, ದಿನವಿಡೀ ಆಫ್‌ಲೈನ್ ಎಂಬ ಮಾತು ಬಂದರೆ ಬ್ರೌಸರ್ ಸಾಲದು. ಆಗ ಅದೇ ವೆಬ್ ಕೋಡನ್ನು ಕೆಪ್ಯಾಸಿಟರ್‌ನೊಳಗೆ ಇಡಿ. ಅಯಾನಿಕ್ ತಂಡ ಕಟ್ಟಿದ ಇದು 2019ರಲ್ಲಿ ಮೊದಲ ಆವೃತ್ತಿ ಕಂಡಿತು. ಸ್ಕ್ರೀನ್‌ಗಳು ವೆಬ್‌ವ್ಯೂನಲ್ಲಿ ನಡೆಯುತ್ತವೆ, ಯಂತ್ರದ ಮಾತು ಪ್ಲಗಿನ್ ಎಂಬ ಸಣ್ಣ ಜೋಡಣೆಯ ಮೂಲಕ ಕೋಟ್ಲಿನ್, ಜಾವಾ ಅಥವಾ ಸ್ವಿಫ್ಟ್ ಕೋಡ್‌ಗೆ ಹೋಗುತ್ತದೆ. ಬೇಕಾದ ಪ್ಲಗಿನ್ ಸಿಗದಿದ್ದರೆ ಇನ್ನೂರು, ಮುನ್ನೂರು ಸಾಲಿನಲ್ಲಿ ನೀವೇ ಬರೆಯಬಹುದು. ಇದೇ ಅದರ ದೊಡ್ಡ ಗುಣ. ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಕೇಳಿಬರುವ ವ್ಯಾಪಾರದ ಆ್ಯಪ್‌ಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಮೊದಲ ಸಲಹೆ ಇದು: ವೆಬ್ ಕಲಿತವರು ಊರಲ್ಲೇ ಸಿಗುತ್ತಾರೆ, ಮಾಲೀಕರ ಐಫೋನ್‌ಗೆ ಅದೇ ಕೋಡ್ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ, ಗುಮಾಸ್ತರ ಆಂಡ್ರಾಯ್ಡ್‌ಗೆ ಪ್ರಿಂಟರ್ ಸಿಗುತ್ತದೆ.

ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಒಂದು ವೆಬ್‌ವ್ಯೂ ಇಟ್ಟು ಸೈಟ್‌ನ ವಿಳಾಸ ಕೊಟ್ಟುಬಿಟ್ಟರೆ ಆಯಿತು ಎನ್ನುವವರಿದ್ದಾರೆ. ಅದು ಬೇಡ. ಅಂಥ ಬೋಳು ಹೊದಿಕೆಯಲ್ಲಿ ಫೋಟೊ ಆರಿಸುವ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ, ಏಕೆಂದರೆ ಫೈಲ್ ಆರಿಸುವ ಕೋಡನ್ನು ನೀವೇ ಬರೆಯಬೇಕು. ಯುಪಿಐ ಲಿಂಕ್ ಒತ್ತಿದರೆ "ಅಪರಿಚಿತ ಯುಆರ್‌ಎಲ್" ಎಂಬ ದೋಷ ಬರುತ್ತದೆ. ಪುಟದೊಳಗೇ ತಯಾರಾದ ಪಿಡಿಎಫ್ ಡೌನ್‌ಲೋಡ್ ಆಗುವುದಿಲ್ಲ. ಗೂಗಲ್ ಖಾತೆಯ ಲಾಗಿನ್ ಅನ್ನು ವೆಬ್‌ವ್ಯೂ ಒಳಗೆ ಗೂಗಲ್ಲೇ ತಡೆಯುತ್ತದೆ. ಬರೀ ವೆಬ್‌ಸೈಟ್ ಸುತ್ತಿಕೊಟ್ಟ ಆ್ಯಪನ್ನು ಆಪಲ್ ತನ್ನ 4.2ನೇ ನಿಯಮ ತೋರಿಸಿ ಹಿಂದಿರುಗಿಸುತ್ತದೆ.

ಉಳಿದ ದಾರಿಗಳು

ರಿಯಾಕ್ಟ್ ನೇಟಿವ್ 2015ರಲ್ಲಿ ಫೇಸ್‌ಬುಕ್ ಹೊರತಂದದ್ದು. ತಂಡಕ್ಕೆ ರಿಯಾಕ್ಟ್ ಚೆನ್ನಾಗಿ ಬರುತ್ತದೆ, ಆ್ಯಪ್ ಬ್ರೌಸರ್‌ನಲ್ಲಿ ಬೇಡ, ಸ್ಟೋರ್ ಮೂಲಕ ಮಾತ್ರ ಹೋಗುತ್ತದೆ, ಸಾವಿರಾರು ಸಾಲಿನ ಪಟ್ಟಿ ನುಣುಪಾಗಿ ಜಾರಬೇಕು ಎಂದಾದರೆ ಇದು ಒಳ್ಳೆಯದು. ಅದಕ್ಕೆಂದೇ ಇರುವ ಎಕ್ಸ್‌ಪೊ ಎಂಬ ಸಿದ್ಧ ಸಾಧನಗಳ ಜೊತೆ ಶುರು ಮಾಡಿ, ಬರಿಗೈಯಲ್ಲಿ ಬೇಡ. 2024ರ ಅಕ್ಟೋಬರ್‌ನ 0.76 ಆವೃತ್ತಿಯಿಂದ ಹೊಸ ಒಳರಚನೆ ತಾನಾಗಿ ಜಾರಿಯಲ್ಲಿರುತ್ತದೆ. ಹಳೆಯ ಲೈಬ್ರರಿಗಳು ಅದರಡಿ ಮುರಿಯುವುದುಂಟು, ಹಾಗಾಗಿ ನಿಮಗೆ ಬೇಕಾದ ಬ್ಲೂಟೂತ್ ಲೈಬ್ರರಿ ಅದಕ್ಕೆ ಹೊಂದಿಕೊಂಡಿದೆಯೇ ಎಂದು ಮೊದಲೇ ನೋಡಿ.

ಫ್ಲಟರ್ ಗೂಗಲ್‌ನದು. ಭಾಷೆ ಡಾರ್ಟ್, 1.0 ಬಂದದ್ದು 2018ರ ಡಿಸೆಂಬರ್‌ನಲ್ಲಿ. ಎಲ್ಲವನ್ನೂ ತನ್ನದೇ ಎಂಜಿನ್‌ನಿಂದ ಬಿಡಿಸುವುದರಿಂದ ಎಲ್ಲ ಫೋನ್‌ಗಳಲ್ಲಿ ಒಂದೇ ಥರ ಕಾಣುತ್ತದೆ. ಜಾವಾ ಬಲ್ಲವರಿಗೆ ಡಾರ್ಟ್ ಎರಡು ವಾರದ ಮಾತು. ಹತ್ತಿ ಹೊಲದ ದಾಖಲೆಯಂಥ, ಕ್ಯಾಮೆರಾ, ಜಿಪಿಎಸ್, ನಕ್ಷೆ, ದೊಡ್ಡ ಆಫ್‌ಲೈನ್ ಸಂಗ್ರಹ ಎಲ್ಲ ಇರುವ ಆ್ಯಪ್‌ಗೆ ಇದು ಗಟ್ಟಿ ಆಯ್ಕೆ. ಆದರೆ ಫ್ಲಟರ್‌ನ ವೆಬ್ ರೂಪವನ್ನು ಮೊಬೈಲ್ ಬ್ರೌಸರ್‌ಗೆ ಕೊಡುವ ಮುನ್ನ ಎರಡು ಸಲ ಯೋಚಿಸಿ. ಬಿಡಿಸುವ ಎಂಜಿನ್ ಒಂದೇ ಸುಮಾರು 1.5 ಎಂಬಿ ಇಳಿಯಬೇಕು, ಅಕ್ಷರಗಳೆಲ್ಲ ಕ್ಯಾನ್ವಾಸ್ ಮೇಲೆ ಬಿಡಿಸಿದ ಚಿತ್ರಗಳಾದ್ದರಿಂದ ಸರ್ಚ್ ಎಂಜಿನ್‌ಗೆ ಅವು ಕಾಣುವುದಿಲ್ಲ.

ಇನ್ನು ಹಳೆಯ ಫ್ರೇಮ್‌ವರ್ಕ್‌ಗಳು. ಕಾರ್ಡೋವಾ ಇನ್ನೂ ಬದುಕಿದೆ, ಹೊಸ ಕೆಲಸಕ್ಕೆ ಬೇಡ. ಜೆಕ್ವೆರಿ ಮೊಬೈಲ್ 2021ರಲ್ಲೇ ನಿಂತಿತು. ಜಮಾರಿನ್‌ಗೆ ಮೈಕ್ರೋಸಾಫ್ಟ್ ಬೆಂಬಲ 2024ರ ಮೇ 1ಕ್ಕೆ ಮುಗಿಯಿತು, ಸಿ ಶಾರ್ಪ್ ತಂಡಗಳಿಗೆ ಅದರ ಜಾಗದಲ್ಲಿ ಮಾವಿ ಇದೆ. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಇವು ಇನ್ನೂ ಕಾಣಸಿಗುವುದರಿಂದ ಹೇಳಬೇಕಾಯಿತು.

ಕನ್ನಡ ಅಕ್ಷರದ ಪರೀಕ್ಷೆ

ಇದನ್ನು ಕೊನೆಗೆ ಬಿಟ್ಟವರು ಪೂರ್ತಿ ಆ್ಯಪನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಆದ್ದರಿಂದ ಆಯ್ಕೆಯ ಹಂತದಲ್ಲೇ ಮಾಡಿ.

"ಬಳ್ಳಾರಿ" ಎಂಬುದು ಕಣ್ಣಿಗೆ 3 ಅಕ್ಷರ. ಯೂನಿಕೋಡ್‌ನಲ್ಲಿ ಅದು 7 ಸಂಕೇತ: ಬ, ಳ, ಹಲಂತ, ಳ, ದೀರ್ಘದ ಚಿಹ್ನೆ, ರ, ಗುಡಿಸು. ಆ ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್ 8 ಕ್ರಮದಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 21 ಬೈಟ್. ಹೆಸರಿನ ಕಾಲಂಗೆ 20 ಬೈಟ್ ಮಿತಿ ಹಾಕಿದ್ದರೆ ಊರಿನ ಹೆಸರೇ ಹಿಡಿಸುವುದಿಲ್ಲ. ಉದ್ದದ ಹೆಸರನ್ನು ಕೋಡ್‌ನಲ್ಲಿ ಕತ್ತರಿಸಿದರೆ ಒತ್ತಕ್ಷರದ ನಡುವೆ ಕತ್ತರಿ ಬಿದ್ದು ಬರೀ ಹಲಂತ ಉಳಿಯುತ್ತದೆ. ಕತ್ತರಿಸುವ ಕೆಲಸವನ್ನು ವೆಬ್ ಪುಟದ ರೂಪ ಹೇಳುವ ಸಿಎಸ್‌ಎಸ್‌ಗೋ ಫ್ರೇಮ್‌ವರ್ಕ್‌ನ ಟೆಕ್ಸ್ಟ್ ವಿಜೆಟ್‌ಗೋ ಬಿಡಿ. ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದ್ದರೆ ಇಂಗ್ಲಿಷ್‌ಗೆ ಸಾಕು, ಕನ್ನಡದ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ. 1.6 ಇಡಿ, ಗುಂಡಿಗಳಿಗೆ ನಿಗದಿತ ಎತ್ತರ ಕೊಡಬೇಡಿ.

ಹುಡುಕಾಟ ಇನ್ನೊಂದು ಗಂಟು. "ಕೊಪ್ಪಳ" ಎಂಬಲ್ಲಿನ ಕೊ ಎರಡು ಬಗೆಯಲ್ಲಿ ಸಂಗ್ರಹವಾಗಬಹುದು: ಒಂದೇ ಸ್ವರಚಿಹ್ನೆಯಾಗಿ, ಅಥವಾ ಎ ಮತ್ತು ಊ ಚಿಹ್ನೆಗಳ ಜೋಡಿಯಾಗಿ. ಕಣ್ಣಿಗೆ ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ. ಉಳಿಸುವ ಮುನ್ನ ಎಲ್ಲವನ್ನೂ ಎನ್‌ಎಫ್‌ಸಿ ಎಂಬ, ಯೂನಿಕೋಡ್‌ನ ಏಕರೀತಿಯ ರೂಪಕ್ಕೆ ತನ್ನಿ. ಕೀಬೋರ್ಡ್‌ಗಳು ನಡುವೆ ತುರುಕುವ, ಕಣ್ಣಿಗೆ ಕಾಣದ ಜೋಡಕ ಮತ್ತು ಬಿಡಿಸುವ ಸಂಕೇತಗಳನ್ನು ಹುಡುಕಾಟಕ್ಕೆ ಬಳಸುವ ಪ್ರತಿಯಲ್ಲಿ ಮಾತ್ರ ತೆಗೆದುಹಾಕಿ. ತೋರಿಸುವ ಪ್ರತಿಯಲ್ಲಿ ಇರಲಿ. ಯಾರಾದರೂ ಚೀಲದ ತೂಕವನ್ನು ೭೫ ಎಂದು ಕನ್ನಡ ಅಂಕಿಯಲ್ಲಿ ಒತ್ತಿದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ, ಮೊದಲೇ 75 ಎಂದು ಬದಲಿಸಿಕೊಳ್ಳಿ. ಅಂಗಡಿಯ ಹಳೆಯ ಲೆಕ್ಕ ಯೂನಿಕೋಡ್ ಪೂರ್ವದ ನುಡಿ ಅಕ್ಷರದಲ್ಲಿದ್ದರೆ ಫೋನ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಆಮದಿಗೆ ಮುಂಚೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ರ್ಕ, ರ್ಯ ಇರುವ ಹೆಸರುಗಳನ್ನು ಕಣ್ಣಾರೆ ಓದಿ. ಅರ್ಕಾವತ್ತು ತಪ್ಪಾಗುವುದು ಹೆಚ್ಚು.

ಫ್ರೇಮ್‌ವರ್ಕ್ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ. ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಕನ್ನಡ ಫಾಂಟ್ ಮೊದಲೇ ಇರುವುದರಿಂದ ವೆಬ್, ಕೆಪ್ಯಾಸಿಟರ್, ರಿಯಾಕ್ಟ್ ನೇಟಿವ್‌ನಲ್ಲಿ ಫಾಂಟ್ ಹೊತ್ತು ತರಬೇಕಿಲ್ಲ. ಫ್ಲಟರ್‌ನ ವೆಬ್ ರೂಪ ಮಾತ್ರ ಕನ್ನಡ ಕಂಡಾಗ ನೋಟೊ ಫಾಂಟನ್ನು ನೆಟ್‌ನಿಂದ ತರಿಸಿಕೊಳ್ಳುತ್ತದೆ. ಅದು ಬರುವ ತನಕ ಚೌಕಗಳು, ನೆಟ್ ಇಲ್ಲದಿದ್ದರೆ ಚೌಕಗಳೇ. ಪರಿಹಾರ ಸುಲಭ: ನೋಟೊ ಸಾನ್ಸ್ ಕನ್ನಡ ಫೈಲನ್ನು ಆ್ಯಪ್ ಜೊತೆಗೇ ಕಟ್ಟಿ.

ಸಿಂಧನೂರು, ಗಂಗಾವತಿ ಸುತ್ತಲಿನ ಕ್ಯಾಂಪ್‌ಗಳಲ್ಲಿ ತೆಲುಗು ಓದುವವರಿದ್ದಾರೆ, ರಾಯಚೂರು, ಬಳ್ಳಾರಿ ಪೇಟೆಯಲ್ಲಿ ಉರ್ದು ಓದುವವರಿದ್ದಾರೆ. ತೆಲುಗು ಸೇರಿಸುವುದು ಅನುವಾದದ ಕೆಲಸ. ಉರ್ದು ಬಲದಿಂದ ಎಡಕ್ಕೆ ಹೋಗುವುದರಿಂದ ಸ್ಕ್ರೀನ್‌ನ ಜೋಡಣೆಯೇ ತಿರುಗಬೇಕು. ಎಡ, ಬಲ ಎಂದು ಬರೆಯದೆ ಆರಂಭ, ಅಂತ್ಯ ಎಂಬ ಸಿಎಸ್‌ಎಸ್ ಗುಣಗಳನ್ನು ಮೊದಲ ದಿನದಿಂದ ಬಳಸಿ, ಆಮೇಲೆ ಒಂದು ಸಾಲಿನಲ್ಲಿ ತಿರುಗುತ್ತದೆ.

ಚೀಟಿ ಮುದ್ರಣ ಮತ್ತು ಕಾಟಾ

58 ಮಿಲಿಮೀಟರ್ ಥರ್ಮಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಕನ್ನಡ ಪಠ್ಯ ಕಳಿಸಿದರೆ ಪ್ರಶ್ನೆ ಚಿಹ್ನೆಗಳೋ ಕಸದ ಅಕ್ಷರಗಳೋ ಹೊರಬರುತ್ತವೆ. ಚೀಟಿಯನ್ನು ಚಿತ್ರವಾಗಿ ಬಿಡಿಸಿ ಕಳಿಸಬೇಕು. ಅಗಲ 384 ಚುಕ್ಕೆ, 80 ಮಿಲಿಮೀಟರ್ ಪ್ರಿಂಟರ್ ಆದರೆ 576. ವೆಬ್ ಕೋಡ್‌ನಲ್ಲಿ ಇದು ಸುಲಭ: ಕ್ಯಾನ್ವಾಸ್ ಮೇಲೆ ಬರೆದು, ಕಪ್ಪು ಬಿಳುಪಿಗೆ ತಂದು, 8 ಚುಕ್ಕೆಗೆ ಒಂದು ಬೈಟ್ ಮಾಡಿ, ಚಿತ್ರ ಮುದ್ರಿಸು ಎನ್ನುವ ರಾಸ್ಟರ್ ಆದೇಶದ ಜೊತೆ ಕಳಿಸುವುದು. ಅಕ್ಷರ 24 ಚುಕ್ಕೆಗಿಂತ ಚಿಕ್ಕದಾದರೆ ಒತ್ತು ಮುಚ್ಚಿಕೊಳ್ಳುತ್ತದೆ.

ಈಗ ಲೆಕ್ಕ ನೋಡಿ. 384 ಚುಕ್ಕೆ ಅಗಲ, 600 ಸಾಲು ಎತ್ತರದ ಚೀಟಿ ಎಂದರೆ 28,800 ಬೈಟ್. ಬಿಎಲ್‌ಇ ಎಂಬ ಕಡಿಮೆ ವಿದ್ಯುತ್ತಿನ ಬ್ಲೂಟೂತ್‌ನಲ್ಲಿ ಆರಂಭದ ಮಿತಿಯಂತೆ ಒಂದು ಸಲಕ್ಕೆ 20 ಬೈಟ್ ಹೋಗುತ್ತದೆ, ಅಂದರೆ 1,440 ಕಂತು. ಎಂಟಿಯು, ಅಂದರೆ ಒಂದು ಕಂತಿನ ಗರಿಷ್ಠ ಗಾತ್ರ, ಹೆಚ್ಚಿಸಿಕೊಳ್ಳದಿದ್ದರೆ ಚೀಟಿ ತೆವಳುತ್ತ ಬರುತ್ತದೆ. ಒಂದೇ ಉಸಿರಿಗೆ ಸುರಿದರೆ ಪ್ರಿಂಟರ್‌ನ ಸಣ್ಣ ಬಫರ್ ತುಂಬಿ ಕೆಳಗಿನ ಅರ್ಧ ಕಸವಾಗುತ್ತದೆ, ಹಾಗಾಗಿ ಕಂತುಗಳ ನಡುವೆ ಕೆಲವು ಮಿಲಿಸೆಕೆಂಡ್ ಬಿಡಿ. ಇನ್ನೂ ಮುಖ್ಯವಾದದ್ದು: ಅಗ್ಗದ ಪ್ರಿಂಟರ್‌ಗಳಲ್ಲಿ ಹಲವು ಹಳೆಯ ಕ್ಲಾಸಿಕ್ ಬ್ಲೂಟೂತ್‌ನವು. ಬ್ರೌಸರ್‌ನ ವೆಬ್ ಬ್ಲೂಟೂತ್ ಬಿಎಲ್‌ಇಗೆ ಮಾತ್ರ. ಈ ಒಂದು ಅಂಶವೇ ಪಿಡಬ್ಲ್ಯುಎ ಸಾಕೋ ಕೆಪ್ಯಾಸಿಟರ್ ಬೇಕೋ ಎಂಬುದನ್ನು ಹೆಚ್ಚಿನ ಸಲ ತೀರ್ಮಾನಿಸಿಬಿಡುತ್ತದೆ. ಹಾಗಾಗಿ ಪ್ರಿಂಟರ್ ಮಾದರಿಯನ್ನು ಕೋಡ್ ಬರೆಯುವ ಮೊದಲೇ ಕೊಳ್ಳಿ. ಆಂಡ್ರಾಯ್ಡ್ 12ರಿಂದ ಹುಡುಕಲು ಒಂದು, ಜೋಡಿಸಲು ಒಂದು ಎಂದು ಎರಡು ಬ್ಲೂಟೂತ್ ಅನುಮತಿ ಬೇಕು. ಅದಕ್ಕೂ ಹಳೆಯ ಫೋನ್‌ಗಳಲ್ಲಿ ಹುಡುಕಲು ಲೊಕೇಶನ್ ಅನುಮತಿ ಕೇಳುತ್ತದೆ. "ತೂಕದ ಆ್ಯಪ್‌ಗೆ ನನ್ನ ಜಾಗ ಯಾಕೆ?" ಎಂದು ಗುಮಾಸ್ತರು ನಿರಾಕರಿಸುತ್ತಾರೆ, ಅದರ ಕಾರಣವನ್ನು ಅಲ್ಲೇ ಕನ್ನಡದಲ್ಲಿ ಬರೆದು ತೋರಿಸಿ.

ಕಾಟಾದ ಅಂಕಿ ತೋರಿಸುವ ಪೆಟ್ಟಿಗೆಯ, ಅಂದರೆ ಇಂಡಿಕೇಟರ್‌ನ, ಹಿಂಬದಿಯಲ್ಲಿ ಆರ್‌ಎಸ್ 232 ಎಂಬ ಸೀರಿಯಲ್ ಕಿಂಡಿ ಇದ್ದರೆ ಬ್ಲೂಟೂತ್ ಸೀರಿಯಲ್ ಅಡಾಪ್ಟರ್ ಹಾಕಿ ಅಂಕಿ ಓದಬಹುದು. ಅಂಕಿ ರವಾನೆಯ ವೇಗವಾದ ಬಾಡ್ ದರವನ್ನು ಇಂಡಿಕೇಟರ್‌ನ ಕೈಪಿಡಿ ನೋಡಿ ಹೊಂದಿಸಿ, ತಪ್ಪಿದ್ದರೆ ಕಸದ ಅಕ್ಷರ ಬರುತ್ತದೆ. ಅಂಕಿ ಅಲ್ಲಾಡುತ್ತಿರುವಾಗ ಹಿಡಿಯಬೇಡಿ. ತೂಕ ನಿಂತಿದೆ ಎಂಬ ಗುರುತು ಸಾಲಿನಲ್ಲಿದ್ದರೆ ಅದನ್ನು ಓದಿ, ಇಲ್ಲದಿದ್ದರೆ ಒಂದೇ ಅಂಕಿ ಐದು ಸಲ ಬಂದ ಮೇಲೆ ಒಪ್ಪಿಕೊಳ್ಳಿ. ರೈತರ ದುಡ್ಡು ಈ ಅಂಕಿಯ ಮೇಲೆ ನಿಂತಿದೆ. ಕೈಯಿಂದ ತಿದ್ದಿದ ತೂಕಕ್ಕೆ ಚೀಟಿಯಲ್ಲೇ ಬೇರೆ ಗುರುತು ಕಾಣಬೇಕು.

ಪಿಡಿಎಫ್ ಬೇಕೆಂದರೆ ಒಂದು ಎಚ್ಚರ. ಜೆಎಸ್‌ಪಿಡಿಎಫ್‌ನಂಥ ಲೈಬ್ರರಿಗಳು ಕನ್ನಡ ಅಕ್ಷರ ಜೋಡಿಸಲಾರವು, ಒತ್ತು ಬಿಡಿಬಿಡಿಯಾಗಿ ಬೀಳುತ್ತದೆ. ಸರ್ವರ್‌ನಲ್ಲಿ ಕ್ರೋಮ್ ನಡೆಸಿ ಎಚ್‌ಟಿಎಂಎಲ್ ಪುಟವನ್ನೇ ಪಿಡಿಎಫ್ ಮಾಡಿಸಿದರೆ ಸರಿಯಾಗಿ ಬರುತ್ತದೆ.

ನೆಟ್ ಇಲ್ಲದ ದಿನ

ಚೀಟಿ ಮೊದಲು ಫೋನ್‌ನಲ್ಲಿ ಉಳಿಯಬೇಕು, ಆಮೇಲೆ ಸರ್ವರ್‌ಗೆ ಹೋಗಬೇಕು. ಫೋನ್‌ನೊಳಗಿನ ಆ ಸಂಗ್ರಹಕ್ಕೆ ವೆಬ್‌ನಲ್ಲಿ ಇಂಡೆಕ್ಸ್‌ಡ್‌ಡಿಬಿ, ಕೆಪ್ಯಾಸಿಟರ್, ರಿಯಾಕ್ಟ್ ನೇಟಿವ್, ಫ್ಲಟರ್ ಮೂರರಲ್ಲೂ ಎಸ್‌ಕ್ಯೂಲೈಟ್. ಬ್ರೌಸರ್‌ನ ಲೋಕಲ್ ಸ್ಟೋರೇಜ್ ಬೇಡ, ಅದರ ಮಿತಿ ಸುಮಾರು 5 ಎಂಬಿ. ಕಳಿಸಬೇಕಾದವುಗಳ ಪಾಳಿ ಬೇರೆ ಇರಲಿ. ಪ್ರತಿ ಚೀಟಿಗೆ ಫೋನ್‌ನಲ್ಲೇ ಯುಯುಐಡಿ ಎಂಬ, ಬೇರಾವುದಕ್ಕೂ ಬಾರದ ಗುರುತು ಕೊಡಿ. ಇದು ಯಾಕೆಂದರೆ, ಚೀಟಿ ಸರ್ವರ್ ತಲುಪಿ ಉತ್ತರ ಬರುವ ಮುನ್ನ ಸಿಗ್ನಲ್ ಹೋದರೆ ಫೋನ್ ಮತ್ತೆ ಕಳಿಸುತ್ತದೆ. ಗುರುತು ಇಲ್ಲದಿದ್ದರೆ 40 ಚೀಲ ಲೆಕ್ಕದಲ್ಲಿ 80 ಆಗುತ್ತದೆ. ಅದೇ ಗುರುತು ಎರಡನೇ ಸಲ ಬಂದರೆ ಸರ್ವರ್ ಹೊಸ ಸಾಲು ಸೇರಿಸದೆ "ಸರಿ" ಎನ್ನಬೇಕು. ಚೀಟಿಯ ಕ್ರಮಸಂಖ್ಯೆ ಎರಡು ಫೋನ್‌ಗಳಲ್ಲಿ ಡಿಕ್ಕಿಯಾಗದಂತೆ ಫೋನ್‌ಗೊಂದು ಅಕ್ಷರ ಕೊಡಿ: ಅ 101, ಬ 101. ತೂಕ ತಿದ್ದಬೇಕಾದರೆ ಹಳೆಯದನ್ನು ಅಳಿಸದೆ ತಿದ್ದುಪಡಿಯನ್ನು ಹೊಸ ಸಾಲಾಗಿ ಸೇರಿಸಿ.

ಹಿನ್ನೆಲೆ ಸಿಂಕ್ ನಂಬಬೇಡಿ. ಬ್ಯಾಟರಿ ಉಳಿಸಲು ಕೆಲ ಫೋನ್‌ಗಳು ಹಿಂದೆ ಸರಿದ ಆ್ಯಪನ್ನು ಕೊಂದುಹಾಕುತ್ತವೆ. ಆ್ಯಪ್ ತೆರೆದಾಗ, ನೆಟ್ ಬಂದಾಗ, ಬಳಕೆದಾರರು ಗುಂಡಿ ಒತ್ತಿದಾಗ ಕಳಿಸಿ. "ಕಳಿಸದೆ ಉಳಿದದ್ದು 12" ಎಂದು ಮೇಲೆ ದಪ್ಪಕ್ಷರದಲ್ಲಿ ಕಾಣಲಿ.

ಹೊಲದ ಫೋಟೊ ವಿಷಯ. ಕಡಿಮೆ ರ‍್ಯಾಮ್ ಫೋನ್‌ನಲ್ಲಿ ಕ್ಯಾಮೆರಾ ತೆರೆದ ಕೂಡಲೇ ನಿಮ್ಮ ಆ್ಯಪ್ ನೆನಪಿನಿಂದ ಹೊರಬೀಳಬಹುದು. ಫೋಟೊ ತೆಗೆದು ಮರಳಿದರೆ ತುಂಬಿದ್ದ ಫಾರಂ ಖಾಲಿ. ಕ್ಯಾಮೆರಾ ಗುಂಡಿ ಒತ್ತಿದಾಗಲೇ ಕರಡು ಉಳಿಸಿ. ಕೆಪ್ಯಾಸಿಟರ್‌ನಲ್ಲಿ ಆ್ಯಪ್ ಮತ್ತೆ ಎದ್ದ ಮೇಲೆ ಫೋಟೊ ತಲುಪಿಸುವ ಘಟನೆಯೊಂದಿದೆ, ಫ್ಲಟರ್‌ನ ಇಮೇಜ್ ಪಿಕರ್‌ನಲ್ಲೂ ಕಳೆದದ್ದನ್ನು ಮರಳಿ ಪಡೆಯುವ ಕರೆ ಇದೆ, ಎರಡನ್ನೂ ಬರೆಯಲೇಬೇಕು. ಫೋಟೊದ ಉದ್ದದ ಬದಿಯನ್ನು 1280 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟ 70ರಲ್ಲಿ ಉಳಿಸಿದರೆ ಹಲವು ಎಂಬಿ ಇದ್ದದ್ದು ಕೆಲವು ನೂರು ಕೆಬಿಗೆ ಬರುತ್ತದೆ. ಹೀಗೆ ಇಳಿಸುವಾಗ ಫೋಟೊದೊಳಗಿನ ಜಾಗದ ಗುರುತು ಅಳಿಯುತ್ತದೆ, ಜಿಪಿಎಸ್ ಅಂಕಿಯನ್ನು ಬೇರೆ ಕಾಲಂನಲ್ಲಿ ಇಡಿ.

ಒಂದು ವಾರದ ಪರೀಕ್ಷೆ

ಹಾಳೆಯ ಉತ್ತರಗಳಿಂದ ಎರಡು ಹೆಸರು ಉಳಿಯುತ್ತವೆ. ಎರಡರಲ್ಲೂ ಕಷ್ಟದ ಆ ಒಂದು ಸ್ಕ್ರೀನ್ ಮಾತ್ರ ಕಟ್ಟಿ. ಲಾಗಿನ್ ಬೇಡ, ಬಣ್ಣ ಬೇಡ. ಒಂದೊಂದಕ್ಕೆ ಎರಡು ದಿನ ಕೊಡಿ. ಎಂಟು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಫೋನನ್ನು ಅನುಕರಿಸುವ ಎಮ್ಯುಲೇಟರ್ ತೆರೆದರೆ ಯಂತ್ರವೇ ಕುಸಿಯುತ್ತದೆ, ಯುಎಸ್‌ಬಿ ತಂತಿಯಲ್ಲಿ ನಿಜ ಫೋನ್ ಜೋಡಿಸಿ.

ಐದನೇ ದಿನ ಎರಡನ್ನೂ ಗುಮಾಸ್ತರ ಫೋನ್‌ಗೆ ಹಾಕಿ ಗೋದಾಮಿಗೆ ಹೋಗಿ. ಏರೋಪ್ಲೇನ್ ಮೋಡ್‌ನಲ್ಲಿ 30 ಚೀಟಿ ಬರೆಯಿರಿ, ನಡುವೆ ಆ್ಯಪನ್ನು ಬಲವಂತವಾಗಿ ಮುಚ್ಚಿ, ಫೋನ್ ಆಫ್ ಮಾಡಿ ಆನ್ ಮಾಡಿ, ಆಮೇಲೆ ನೆಟ್ ಕೊಡಿ. ಸರ್ವರ್‌ನಲ್ಲಿ 30 ಇರಬೇಕು, 29 ಅಲ್ಲ, 31 ಅಲ್ಲ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದ ಮೇಲೆ ತಾನಾಗಿ ಜೋಡಿಕೊಳ್ಳುತ್ತದೆಯೇ ನೋಡಿ. ಆ್ಯಪ್ ತಣ್ಣಗಿರುವಾಗ ಒತ್ತಿದರೆ ಮೊದಲ ಅಕ್ಷರ ಒತ್ತಲು ಎಷ್ಟು ಸೆಕೆಂಡ್ ಕಾಯಬೇಕು ಎಂದು ಎಣಿಸಿ. ನಾಲ್ಕು ದಾಟಿದರೆ ಗುಮಾಸ್ತರು ಕಾಗದದ ಪುಸ್ತಕಕ್ಕೇ ಮರಳುತ್ತಾರೆ.

ಈ ಪರೀಕ್ಷೆ ಮಧ್ಯಾಹ್ನದ ಬಿಸಿಲಲ್ಲಿ ಆಗಲಿ. ರಾಯಚೂರಿನ ಏಪ್ರಿಲ್, ಮೇ ಬಿಸಿಲಿಗೆ ಕಾದ ಫೋನ್ ತನ್ನ ಬೆಳಕನ್ನೂ ವೇಗವನ್ನೂ ತಾನೇ ಇಳಿಸಿಕೊಳ್ಳುತ್ತದೆ. ತಿಳಿ ಬೂದು ಅಕ್ಷರ ಅಲ್ಲಿ ಕಾಣುವುದೇ ಇಲ್ಲ. ಬಣ್ಣದ ಅಂತರ 7ಕ್ಕೆ 1ರಷ್ಟಿರಲಿ, ಗುಂಡಿಗಳು ಕನಿಷ್ಠ 48 ಡಿಪಿ (ಆಂಡ್ರಾಯ್ಡ್‌ನ ಸ್ಕ್ರೀನ್ ಅಳತೆ) ಇರಲಿ. ಹಮಾಲರ ಧೂಳುಗೈಗೆ ಅದೂ ಚಿಕ್ಕದೇ, 56 ಇಟ್ಟರೆ ಒಳಿತು.

ಎರಡೂ ಪಾಸಾದರೆ ನಿಮ್ಮ ತಂಡ ಬೇಗ ಕಟ್ಟಿದ್ದನ್ನು ಆರಿಸಿ. ಆರಿಸುವ ಮುನ್ನ ನೀವು ನೆಚ್ಚಿದ ಪ್ಲಗಿನ್‌ಗಳ ಕೊನೆಯ ಬಿಡುಗಡೆಯ ದಿನಾಂಕ ನೋಡಿ. ವರ್ಷದಿಂದ ಮುಟ್ಟದ ಪ್ಲಗಿನ್ ಇದ್ದರೆ ಅದನ್ನು ನೀವೇ ಸಾಕಬೇಕು ಎಂದು ತಿಳಿಯಿರಿ. ಆಂಡ್ರಾಯ್ಡ್ 15 ಗುರಿಯಿಟ್ಟ ಆ್ಯಪ್‌ಗಳ ನೇಟಿವ್ ಲೈಬ್ರರಿಗಳು 16 ಕೆಬಿ ಮೆಮೊರಿ ಪುಟಕ್ಕೆ ಹೊಂದಬೇಕೆಂಬ ಪ್ಲೇ ಸ್ಟೋರ್ ನಿಯಮ 2025ರ ನವೆಂಬರ್ 1ರಿಂದ ಬಂದಿದೆ, ಹಳೆಯ ಪ್ಲಗಿನ್‌ಗಳು ಎಡವುವುದು ಅಲ್ಲೇ.

ಸ್ಟೋರ್‌ನ ಲೆಕ್ಕ

ಗೂಗಲ್ ಪ್ಲೇ ಖಾತೆಗೆ ಒಂದೇ ಸಲ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99 ಡಾಲರ್. ಐಫೋನ್ ಬಿಲ್ಡ್‌ಗೆ ಮ್ಯಾಕ್ ಬೇಕು, ಇಲ್ಲದವರು ಕ್ಲೌಡ್ ಬಿಲ್ಡ್ ಬಾಡಿಗೆಗೆ ಪಡೆಯಬಹುದು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಯಾದರೆ 12 ಪರೀಕ್ಷಕರು ಸತತ 14 ದಿನ ಸೇರಿಕೊಂಡಿದ್ದ ಮೇಲೆಯೇ ಎಲ್ಲರಿಗೂ ಬಿಡುಗಡೆಗೆ ಅರ್ಜಿ ಹಾಕಲು ಸಾಧ್ಯ. ಸುಗ್ಗಿ ಶುರುವಾಗುವ ವಾರ ಇದು ತಿಳಿದರೆ ಹಂಗಾಮು ಕೈತಪ್ಪುತ್ತದೆ. ಪರೀಕ್ಷೆಯ ವಾರ ಮುಗಿದ ಕೂಡಲೇ ಅಂಗಡಿಯವರ ಜಿಮೇಲ್ ವಿಳಾಸಗಳನ್ನು ಒಟ್ಟುಮಾಡಿ ಸೇರಿಸಿಬಿಡಿ. ಸಂಸ್ಥೆಯ ಹೆಸರಿನ ಖಾತೆಗೆ ಈ ಷರತ್ತಿಲ್ಲ, ಆದರೆ ಡನ್ಸ್ ಎಂಬ, ಸಂಸ್ಥೆಗಳನ್ನು ಗುರುತಿಸುವ ಸಂಖ್ಯೆ ಬೇಕು.

ಪ್ರತಿ ವರ್ಷ ಗುರಿಯ ಆಂಡ್ರಾಯ್ಡ್ ಆವೃತ್ತಿ ಏರಿಸಬೇಕು. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳಿಗೂ ಅಪ್‌ಡೇಟ್‌ಗಳಿಗೂ ಅದು ಆಂಡ್ರಾಯ್ಡ್ 15. ಅಂದರೆ ಯಾವ ಫ್ರೇಮ್‌ವರ್ಕ್ ಆರಿಸಿದರೂ ವರ್ಷಕ್ಕೆ ನಾಲ್ಕೈದು ದಿನದ ಕೆಲಸ ಇದ್ದೇ ಇದೆ, ಅದನ್ನು ಮೊದಲ ಒಪ್ಪಂದದಲ್ಲೇ ಬರೆಯಿರಿ. ಪ್ಲೇ ಖಾತೆ ಅಂಗಡಿ ಮಾಲೀಕರ ಹೆಸರಿನಲ್ಲಿರಲಿ, ಡೆವಲಪರ್ ಅದರೊಳಗೆ ಸದಸ್ಯರಾಗಲಿ. ಸಹಿ ಕೀಲಿಯ ಫೈಲ್, ಅದರ ಪಾಸ್‌ವರ್ಡ್, ಡೊಮೇನ್ ಖಾತೆ, ಪ್ರಿಂಟರ್ ಮಾದರಿಯ ಹೆಸರು, ಕಾಟಾದ ಬಾಡ್ ದರ ಇಷ್ಟನ್ನೂ ಒಂದೇ ಕಡೆ ಬರೆದು, ಒಂದು ಪ್ರತಿ ಪೆನ್ ಡ್ರೈವ್‌ನಲ್ಲಿ ಮಾಲೀಕರ ತಿಜೋರಿಯಲ್ಲಿ ಇಡಿಸಿ.